ಕ್ಯಾರಮೆಲ್‌ಗೆ ಸೌಟು ಆಡಿಸಬೇಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹಣ್ಣು, ಐಸ್‌ಕ್ರೀಮ್, ಕ್ಯಾರಮೆಲ್ ಸಾಸ್ ಸೇರಿಸಿ ಮಾಡುವ ತಿನಿಸಿನ ಬರಹ ಓದಿದೆ. ಫೋಟೋ ಬಾಯಲ್ಲಿ ನೀರೂರಿಸುವಂತಿದೆ. ಆದರೆ ಬರೆದಂತೆಯೇ ಮಾಡಿದವರ ಸಾಸ್ ಹಾಳಾಗುವುದು ಗ್ಯಾರಂಟಿ, ಕೈ ಸುಟ್ಟರೂ ಸುಟ್ಟೀತು. ಮಂಗಳೂರಿನ ಐಸ್‌ಕ್ರೀಮ್ ಪಾರ್ಲರ್ ಒಂದರಲ್ಲಿ ಬಹಳ ವರ್ಷ ಗಡ್‌ಬಡ್ (ಎತ್ತರದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಹಣ್ಣು, ಜೆಲ್ಲಿಯ ಪದರಗಳು) ತುಂಬಿಸಿದವನು ನಾನು. ಸುಮ್ನೆ ಕೂರಲು ಆಗಲಿಲ್ಲ.

'ಸಕ್ಕರೆಗೆ ನೀರು ಹಾಕಿ, ಕೆಂಪಗಾಗುವವರೆಗೆ ಕೈಬಿಡದೆ ತಿರುವಿ' ಎಂದಿದೆ. ಇದೇ ತಪ್ಪು. ಸಕ್ಕರೆ ಕರಗುವವರೆಗೆ ಮಾತ್ರ ತಿರುವಬೇಕು. ಕುದಿ ಬಂದ ಮೇಲೆ ಸೌಟು ಆಡಿಸಿದರೆ ಪಾಕ ಮತ್ತೆ ಹರಳುಗಟ್ಟಿ ಮರಳು ಮರಳಾಗುತ್ತದೆ. ಮೈಸೂರು ಪಾಕ್ ತಿರುವಿ ಅಭ್ಯಾಸವಾದ ಕೈಗೆ ಸುಮ್ಮನಿರುವುದು ಕಷ್ಟ, ಗೊತ್ತು. ಬೇಕಿದ್ದರೆ ಪಾತ್ರೆಯ ಹಿಡಿ ಹಿಡಿದು ಮೆಲ್ಲಗೆ ಓಲಾಡಿಸಿ. ಮೊದಲೇ ನಾಲ್ಕು ಹನಿ ನಿಂಬೆರಸ ಬಿಟ್ಟರೆ ಹರಳುಗಟ್ಟುವ ಭಯ ಕಡಿಮೆ. ಪಾತ್ರೆ ದಪ್ಪ ತಳದ ಸ್ಟೀಲಿನದ್ದಿರಲಿ. ಕಪ್ಪು ನಾನ್‌ಸ್ಟಿಕ್‌ನಲ್ಲಿ ಬಣ್ಣವೇ ಕಾಣುವುದಿಲ್ಲ, ಇಲ್ಲಿ ಬಣ್ಣ ನೋಡಿಯೇ ಒಲೆ ಆರಿಸಬೇಕು. ಕಾಡುಜೇನಿನ ಬಣ್ಣ ಬಂತೋ, ಸಾಕು. ಇನ್ನೂ ಸ್ವಲ್ಪ ಬಿಟ್ಟರೆ ಕಹಿ.

ಇನ್ನು ಕ್ರೀಮ್. 'ಫ್ರಿಜ್‌ನಿಂದ ತೆಗೆದ ಕ್ರೀಮ್ ಒಮ್ಮೆಲೇ ಸುರಿಯಿರಿ' ಎಂದು ಅಚ್ಚಾಗಿದೆಯಲ್ಲ, ಓದಿ ಹೆದರಿಕೆಯಾಯಿತು. ನಮ್ಮ ಒಂದೆಳೆ ಪಾಕ ಹೆಚ್ಚೆಂದರೆ 105 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುತ್ತದೆ. ಕ್ಯಾರಮೆಲ್ 170ರ ಹತ್ತಿರ ಹೋಗಿರುತ್ತದೆ. ಅಷ್ಟು ಕಾದದ್ದಕ್ಕೆ ತಣ್ಣನೆಯ ಕ್ರೀಮ್ ಬಿದ್ದರೆ ಅದರಲ್ಲಿರುವ ನೀರು ಕ್ಷಣದಲ್ಲಿ ಆವಿಯಾಗಿ ಎಲ್ಲ ಮೇಲಕ್ಕೆ ಉಕ್ಕುತ್ತದೆ. ಬಿಸಿ ಪಾಕ ಚರ್ಮಕ್ಕೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಪಕ್ಕದಲ್ಲಿ ಮಕ್ಕಳು ನಿಂತಿರುತ್ತಾರೆ, ಐಸ್‌ಕ್ರೀಮ್ ಅಂದಮೇಲೆ ನಿಲ್ಲದೆ ಇರುತ್ತಾರಾ? ಒಂದು ಕಪ್ ಸಕ್ಕರೆಗೆ ಅರ್ಧ ಕಪ್ ಕ್ರೀಮ್ ಸಾಕು. ಅದನ್ನು ಬೇರೆಯಾಗಿ ಬೆಚ್ಚಗೆ ಮಾಡಿ, ಒಲೆ ಆರಿಸಿ, ಎತ್ತರದ ಪಾತ್ರೆಯಲ್ಲಿರುವ ಕ್ಯಾರಮೆಲ್‌ಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಈಗ ಬೇಕಾದಷ್ಟು ತಿರುವಿ, ಯಾರೂ ಬೇಡ ಅನ್ನುವುದಿಲ್ಲ. ಕೊನೆಗೆ ಎರಡು ಚಮಚ ಬೆಣ್ಣೆ, ಚಿಟಿಕೆ ಉಪ್ಪು. ಬೆಚ್ಚಗಿನ ಹದಕ್ಕೆ ಆರಿದ ಮೇಲೆ ಐಸ್‌ಕ್ರೀಮ್ ಮೇಲೆ ಹಾಕಿ.

ಹಣ್ಣಿನ ವಿಷಯಕ್ಕೂ ಬರಬೇಕು. ಹಸಿ ಅನಾನಸು ಹೆಚ್ಚಿ ಐಸ್‌ಕ್ರೀಮ್ ಜೊತೆ ಬೆರೆಸಿಡಿ ಎಂದಿದ್ದಾರೆ. ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಸ್ವಲ್ಪ ಹೊತ್ತಿಟ್ಟರೆ ಕಹಿ ಬರುತ್ತದೆ. ಸಕ್ಕರೆ ನೀರಿನಲ್ಲಿ ಒಂದು ಕುದಿ ಬೇಯಿಸಿದರೆ ಆ ಕಾಟ ಇಲ್ಲ. ಜಿಲೆಟಿನ್ ಜೆಲ್ಲಿಯೂ ಹಸಿ ಅನಾನಸಿಗೆ ಗಟ್ಟಿಯಾಗುವುದಿಲ್ಲ, ಕಡಲಪಾಚಿಯಿಂದ ಮಾಡುವ ಚೈನಾ ಗ್ರಾಸ್ ಹಾಕಿದರೆ ಗಟ್ಟಿಯಾಗುತ್ತದೆ. ನನ್ನ ಕೇಳಿದರೆ ಕ್ಯಾರಮೆಲ್‌ಗೆ ಏಲಕ್ಕಿ ಬಾಳೆಯೇ ಸರಿ. ಅದರ ಸಣ್ಣ ಹುಳಿ ಸಾಸಿನ ಸಿಹಿಗೆ ಹೊಂದುತ್ತದೆ. ಸಪೋಟ ಬೇಡ, ಸಿಹಿ ಮೇಲೆ ಸಿಹಿ ಜಾಸ್ತಿಯಾಯಿತು.

ಅಂದಹಾಗೆ, ನಿಮ್ಮವರು ಇದನ್ನು 'ಮನೆಯ ಗಡ್‌ಬಡ್' ಎಂದು ಕರೆದಿದ್ದಾರೆ. ಜೆಲ್ಲಿ ಇಲ್ಲ, ಪದರ ಇಲ್ಲ, ಎತ್ತರದ ಗ್ಲಾಸೂ ಇಲ್ಲ. ಉಡುಪಿಯವರು ಓದಿದರೆ ಜಗಳಕ್ಕೇ ಬರುತ್ತಾರೆ. ಅದನ್ನು ಬೇಕಾದರೆ ಹಾಗೇ ಬಿಡಿ. ಸೌಟು ಮತ್ತು ತಣ್ಣನೆಯ ಕ್ರೀಮಿನ ತಿದ್ದುಪಡಿಯನ್ನು ಮಾತ್ರ ಮುಂದಿನ ಪುರವಣಿಯಲ್ಲೇ ಹಾಕಿ. ಮಕ್ಕಳಿಗೆ ರಜೆ ಶುರುವಾಗುವ ಮೊದಲು ಬಂದರೆ ಉಪಕಾರ.

ಇಂತಿ,
ನಿಮ್ಮ ಓದುಗ
ಕಾರ್ಕಳ