ಮರ್ಗಟ್ರಾಯ್ಡ್ ಅನ್ನುವ ಅಡ್ಡಹೆಸರು

ಹ್ಯಾಲಿಫ್ಯಾಕ್ಸ್, ವೆಸ್ಟ್ ಯಾರ್ಕ್‌ಷೈರ್

ಅಪ್ಪ, ಅಮ್ಮನಿಗೆ ನಮಸ್ಕಾರಗಳು. ಪುಟ್ಟಿಗೆ ಆಶೀರ್ವಾದ (ಮೂಗು ಮುರಿಯಬೇಡ, ನಾನು ದೊಡ್ಡವನು).

ನಾವಿಬ್ಬರೂ ಆರಾಮ. ಮಳೆ, ಚಳಿ ಎಂದಿನಂತೆ. ಅದನ್ನು ಪ್ರತಿ ಪತ್ರದಲ್ಲೂ ಬರೆಯುವುದರಲ್ಲಿ ಅರ್ಥವಿಲ್ಲ. ಅಪ್ಪ ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ಬರೆಯೋಣ ಅಂತ ಕೂತಿದ್ದೇನೆ. ಫೋನಿನಲ್ಲೇ ಹೇಳಲು ಹೋದರೆ ಅಮ್ಮ ನಡುವೆ ಊಟ ಆಯ್ತಾ ಅಂತ ಕೇಳುತ್ತಾಳೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಕೀತ್ಲಿ ಊರಿನ ಹತ್ತಿರ ಈಸ್ಟ್ ರಿಡಲ್ಸ್‌ಡನ್ ಹಾಲ್ ಅಂತ ಒಂದು ಹಳೇ ಕಲ್ಲಿನ ಬಂಗಲೆ ಇದೆ. ಅದರ ಫೋಟೊ ಕಳಿಸಿದ್ದೆನಲ್ಲ. ಅದನ್ನು ಕಟ್ಟಿಸಿದವನ ಹೆಸರು ಜೇಮ್ಸ್ ಮರ್ಗಟ್ರಾಯ್ಡ್. ಮರ್ಗಟ್ರಾಯ್ಡ್ ಅನ್ನುವುದು ಅಡ್ಡಹೆಸರು, ಅಂದರೆ ಮನೆತನದ ಹೆಸರು. ಹೆಸರು ಕೇಳಿ ಪುಟ್ಟಿ ಬಿದ್ದು ಬಿದ್ದು ನಕ್ಕಳು, ಮುರುಘಾಮಠದವರಾ ಅಂದಳು. ಅಪ್ಪ ಮಾತ್ರ ನಗಲಿಲ್ಲ. ಅದು ಜಾತಿಯ ಹೆಸರೋ, ಊರ ಹೆಸರೋ, ಕಸುಬಿನ ಹೆಸರೋ ಅಂತ ಕೇಳಿದರು. ಧಾರವಾಡದ ಮನುಷ್ಯ ಕೇಳಬೇಕಾದ ಪ್ರಶ್ನೆಯೇ ಅದು.

ಉತ್ತರ: ಅದು ಜಾಗದ ಹೆಸರು. ಊರೂ ಅಲ್ಲ, ಊರಿನೊಳಗಿನ ಒಂದು ತುಂಡು ಜಮೀನು. ನಾವಿರುವ ಹ್ಯಾಲಿಫ್ಯಾಕ್ಸ್‌ನ ಪಶ್ಚಿಮಕ್ಕೆ, ಗುಡ್ಡದ ಮೇಲೆ, ವಾರ್ಲಿ ಅಂತ ಒಂದು ಹಳ್ಳಿ ಇದೆ. 1371ರಲ್ಲಿ ಆ ಹಳ್ಳಿಗೆ ಕಾನ್‌ಸ್ಟೇಬಲ್ ಆಗಿ ನೇಮಕವಾದ ಜಾನ್ ಅನ್ನುವವನನ್ನು ದಾಖಲೆಯಲ್ಲಿ 'ಮೊರ್ಗೆಟ್‌ರಾಯ್ಡಿನ ಜಾನ್' ಅಂತ ಬರೆದಿದ್ದಾರೆ. ಹೆಸರಿನಲ್ಲಿ ಮೂರು ತುಂಡುಗಳಿವೆ. ಮೊದಲನೆಯದು ಮೂರ್. ಅಂದರೆ ಗುಡ್ಡದ ನೆತ್ತಿಯ ಬಯಲು, ಮರವಿಲ್ಲ, ಗಾಳಿ ಜಾಸ್ತಿ, ಕುರಿ ಬಿಟ್ಟರೆ ಬೇರೇನೂ ಬದುಕದ ನೆಲ. ಎರಡನೆಯದು ಗೇಟ್. ಇದು ಬಾಗಿಲಲ್ಲ, ದಾರಿ. ವೈಕಿಂಗರು ಬಿಟ್ಟುಹೋದ ಮಾತು. ಲೀಡ್ಸ್‌ನ ಬ್ರಿಗೇಟ್, ಯಾರ್ಕ್‌ನ ಸ್ಟೋನ್‌ಗೇಟ್ ಎಲ್ಲವೂ ಬೀದಿಗಳೇ. ಯಾರ್ಕ್‌ನಲ್ಲಂತೂ ನಿಜವಾದ ಕೋಟೆ ಬಾಗಿಲಿಗೆ ಬಾರ್ ಅನ್ನುತ್ತಾರೆ, ಹೊಸಬರ ತಲೆ ಕೆಡುವುದಕ್ಕೆ ಅಷ್ಟು ಸಾಕು. ಮೂರನೆಯದು ರಾಯ್ಡ್, ಕಾಡು ಕಡಿದು ಮಾಡಿಕೊಂಡ ಹೊಲ. ಒಟ್ಟು ಸೇರಿಸಿದರೆ, ಗುಡ್ಡದ ಬಯಲಿಗೆ ಹೋಗುವ ದಾರಿಯಲ್ಲಿ ಕಾಡು ಕಡಿದು ಮಾಡಿದ ಜಾಗದವನು.

ಈ ರಾಯ್ಡ್ ಅನ್ನುವ ಬಾಲ ನಮ್ಮ ಈ ಕಾಲ್ಡರ್ ಕಣಿವೆಯ ಸುತ್ತ ಎಲ್ಲಿ ನೋಡಿದರೂ ಸಿಗುತ್ತದೆ. ಮೈಥಮ್‌ರಾಯ್ಡ್ ಅಂತ ಊರೇ ಇದೆ. ಹೋಲ್‌ರಾಯ್ಡ್ ಅಂದರೆ ತಗ್ಗಿನ ಹೊಲ. ಆಕ್‌ರಾಯ್ಡ್ ಅಂದರೆ ಓಕ್ ಮರಗಳ ಹೊಲ. ಹ್ಯಾಲಿಫ್ಯಾಕ್ಸ್‌ನಲ್ಲಿ ಎಡ್ವರ್ಡ್ ಆಕ್‌ರಾಯ್ಡ್ ಅನ್ನುವ ಗಿರಣಿ ಸಾಹುಕಾರನ ಪ್ರತಿಮೆ ಇದೆ. ಕೆಲಸಗಾರರಿಗೆ ಊರನ್ನೇ ಕಟ್ಟಿಸಿ ಅದಕ್ಕೆ ಆಕ್‌ರಾಯ್ಡನ್ ಅಂತ ತನ್ನ ಹೆಸರೇ ಇಟ್ಟುಕೊಂಡ ಮಹಾನುಭಾವ. ಬ್ರಿಟಿಷ್ ಸಂಸತ್ತಿನ ಕೆಳಮನೆಗೆ ಮೊದಲ ಮಹಿಳಾ ಸ್ಪೀಕರ್ ಆದ ಬೆಟ್ಟಿ ಬೂತ್‌ರಾಯ್ಡ್ ಕೂಡ ಇಲ್ಲೇ ಹತ್ತಿರದ ಡ್ಯೂಸ್‌ಬರಿಯವರು. ಹೀಗೆ ಹೆಸರಿನ ಬಾಲ ನೋಡಿಯೇ ಇವರು ನಮ್ಮ ಕಣಿವೆಯವರು ಅಂತ ಇಲ್ಲಿಯ ಹಿರಿಯರು ಹೇಳಿಬಿಡುತ್ತಾರೆ.

ನನಗೆ ಹೆಚ್ಚು ಹಿಡಿಸಿದ ಸಂಗತಿ ಬೇರೆ. ಆ ಜಾನ್ ಈ ಹೆಸರನ್ನು ತಾನಾಗಿ ಆರಿಸಿಕೊಂಡಿರಲಿಕ್ಕಿಲ್ಲ. ಆಗ ಊರಿನ ತುಂಬ ಜಾನ್, ವಿಲಿಯಂ, ರಾಬರ್ಟ್, ಥಾಮಸ್‌ಗಳೇ. ತೆರಿಗೆ ಯಾರಿಂದ ಬರಬೇಕು, ದಂಡ ಯಾರು ಕಟ್ಟಬೇಕು ಅಂತ ಬರೆಯುವ ಗುಮಾಸ್ತನಿಗೆ ಒಬ್ಬ ಜಾನ್‌ನನ್ನು ಇನ್ನೊಬ್ಬನಿಂದ ಬೇರೆ ಮಾಡಬೇಕಿತ್ತು. ಆದ್ದರಿಂದ ಹೊಲದ ಹೆಸರು ಹಚ್ಚಿದ. ಮಗನಿಗೂ ಅದೇ ಉಳಿಯಿತು. 1377, 1379, 1381, ಮೂರು ಸಲ ತಲೆಗಂದಾಯ ಹಾಕಿದರು. 1381ರಲ್ಲಿ ರೈತರು ದಂಗೆ ಎದ್ದರು, ಅದು ಬೇರೆ ಕಥೆ. ಆದರೆ ಆ ಪಟ್ಟಿಗಳಿಂದಲೇ ಇವತ್ತು ನಮಗೆ ಆ ಕಾಲದ ಜನಸಾಮಾನ್ಯರ ಹೆಸರು ಗೊತ್ತಾಗುವುದು. 1538ರಿಂದ ಪ್ರತಿ ಚರ್ಚಿನಲ್ಲೂ ನಾಮಕರಣ, ಮದುವೆ, ಶವಸಂಸ್ಕಾರ ಬರೆದಿಡಬೇಕು ಅಂತ ಆಜ್ಞೆಯಾಯಿತು. ಅಲ್ಲಿಂದ ಮುಂದೆ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

ಬಂಗಲೆಯ ಜೇಮ್ಸ್‌ಗೆ ಬರೋಣ. ಅವನು ಹ್ಯಾಲಿಫ್ಯಾಕ್ಸ್‌ನ ಬಟ್ಟೆ ವ್ಯಾಪಾರಿ. ಈ ಗುಡ್ಡಗಳಲ್ಲಿ ಬೆಳೆ ಸರಿಯಾಗಿ ಬರುವುದಿಲ್ಲ. ಅದಕ್ಕೆ ಪ್ರತಿ ಮನೆಯಲ್ಲೂ ಒಂದೆರಡು ಹಸು, ಒಂದು ಮಗ್ಗ. ಉಣ್ಣೆ ನೇದು ಪೇಟೆಗೆ ಒಯ್ದು ಮಾರುತ್ತಿದ್ದರು. ಹೊಟ್ಟೆಪಾಡಿಗೆ ಊರು ಬಿಡಬೇಕಾದ ಅಗತ್ಯವೇ ಬರಲಿಲ್ಲ. ಮರ್ಗಟ್ರಾಯ್ಡರು ಶತಮಾನಗಳ ಕಾಲ ಇಲ್ಲೇ ಉಳಿದದ್ದಕ್ಕೆ ಇದೂ ಒಂದು ಕಾರಣ. ಜೇಮ್ಸ್ 1640ರ ದಶಕದಲ್ಲಿ, ಅಂದರೆ ರಾಜನಿಗೂ ಸಂಸತ್ತಿಗೂ ಯುದ್ಧ ನಡೆದಿದ್ದ ಹೊತ್ತಿನಲ್ಲಿ, ಈ ಬಂಗಲೆ ಎಬ್ಬಿಸಿದ. ಹೊರಗಿನ ಒಂದು ಕಟ್ಟಡದ ಮೇಲೆ ರಾಜ ಚಾರ್ಲ್ಸ್ ಮತ್ತು ರಾಣಿಯ ಮುಖ ಕೆತ್ತಿಸಿ, ರಾಜನಿಗೆ ಜಯವಾಗಲಿ ಅಂತ ಫ್ರೆಂಚಿನಲ್ಲಿ ಬರೆಸಿದ್ದಾನೆ. ಸೋಲುವ ಕಡೆಗೆ ಇಷ್ಟು ಧೈರ್ಯವಾಗಿ ನಿಂತವನನ್ನು ನೋಡಿದರೆ ನಗು ಬರುತ್ತದೆ, ಗೌರವವೂ ಬರುತ್ತದೆ. ಅವನ ಮುಂದಿನವರು ಎಷ್ಟು ದುಂದುಗಾರರಾಗಿದ್ದರು ಅಂದರೆ, ಅವರ ನಡತೆಗೆ ನಾಚಿ ಪಕ್ಕದ ಏರ್ ನದಿಯೇ ದೂರ ಸರಿದು ಹರಿಯಿತು ಅಂತ ಇಲ್ಲಿ ಜನ ಹೇಳುತ್ತಾರೆ!

ಈ ಹೆಸರನ್ನು ಇಂಗ್ಲಿಷರೇ ತಮಾಷೆ ಮಾಡುತ್ತಾರೆ, ಪುಟ್ಟಿ ಒಬ್ಬಳೇ ಅಲ್ಲ. 1887ರಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿ ತಮ್ಮ ಒಂದು ಹಾಡುನಾಟಕದಲ್ಲಿ ಶಾಪ ಹೊತ್ತ ಮನೆತನಕ್ಕೆ ಇದೇ ಹೆಸರಿಟ್ಟಿತು. ಆ ಮನೆಯ ಯಜಮಾನ ದಿನಕ್ಕೊಂದು ಅಪರಾಧ ಮಾಡಲೇಬೇಕು, ಇಲ್ಲದಿದ್ದರೆ ನರಳಿ ಸಾಯುತ್ತಾನೆ. ಆಮೇಲೆ ಕಾರ್ಟೂನಿನ ಗುಲಾಬಿ ಬಣ್ಣದ ಸಿಂಹ ಸ್ನ್ಯಾಗಲ್‌ಪಸ್. ನಾವು ಚಿಕ್ಕವರಿದ್ದಾಗ ಟಿವಿಯಲ್ಲಿ ನೋಡುತ್ತಿದ್ದೆವಲ್ಲ, ಅದು ಗಾಬರಿಯಾದಾಗಲೆಲ್ಲ 'ಹೆವನ್ಸ್ ಟು ಮರ್ಗಟ್ರಾಯ್ಡ್' ಅಂತ ಕೂಗುತ್ತಿತ್ತು. ನಾನು ಅದನ್ನು ಯಾವುದೋ ಅಮೆರಿಕದ ಬೈಗುಳ ಅಂದುಕೊಂಡಿದ್ದೆ. ವಾರ್ಲಿಯ ಒಂದು ಹೊಲ ಅಮೆರಿಕದ ಸಿಂಹದ ಬಾಯಿಗೆ ಹೋಗಿ, ಅಲ್ಲಿಂದ ಧಾರವಾಡದ ನಮ್ಮ ಮನೆಯ ಪಡಸಾಲೆಗೆ ಬಂದಿತ್ತು ನೋಡಿ.

ಈಗ ಎಷ್ಟು ಜನರಿಗೆ ಈ ಹೆಸರಿದೆ ಅನ್ನುವ ಲೆಕ್ಕ. ಬ್ರಿಟನ್ನಿನಲ್ಲಿ ಸ್ಮಿತ್ ಅನ್ನುವವರು 5 ಲಕ್ಷಕ್ಕೂ ಜಾಸ್ತಿ. ಯಾಕೆಂದರೆ ಸ್ಮಿತ್ ಅಂದರೆ ಕಮ್ಮಾರ. ಪ್ರತಿ ಹಳ್ಳಿಯಲ್ಲೂ ಒಬ್ಬ ಕಮ್ಮಾರ ಇದ್ದ, ಪ್ರತಿ ಹಳ್ಳಿಯಲ್ಲೂ ಆ ಹೆಸರು ಹೊಸದಾಗಿ ಹುಟ್ಟಿತು. ನಮ್ಮ ಕಡೆ ಕಂಬಾರ, ಬಡಿಗೇರ, ಪಾಟೀಲ, ಕುಲಕರ್ಣಿ ಇದ್ದ ಹಾಗೆಯೇ. ಇಬ್ಬರು ಪಾಟೀಲರು ಸಿಕ್ಕರೆ ಯಾವ ಊರಿನ ಪಾಟೀಲರು ಅಂತ ಕೇಳಲೇಬೇಕು. ಮರ್ಗಟ್ರಾಯ್ಡ್ ಹಾಗಲ್ಲ. ಆ ಹೆಸರಿನ ಹೊಲ ಇದ್ದದ್ದು ಒಂದೇ ಕಡೆ. 1881ರ ಜನಗಣತಿಯಲ್ಲೂ, ಹುಟ್ಟಿ 500 ವರ್ಷ ಆದಮೇಲೂ, ಈ ಹೆಸರು ದಟ್ಟವಾಗಿ ಇದ್ದದ್ದು ಇದೇ ಯಾರ್ಕ್‌ಷೈರಿನ ಪಶ್ಚಿಮ ಭಾಗದಲ್ಲಿ. ಸ್ಮಿತ್ ಅಂದರೆ ಏನೂ ಗೊತ್ತಾಗುವುದಿಲ್ಲ. ಮರ್ಗಟ್ರಾಯ್ಡ್ ಅಂದರೆ ಯಾವ ಗುಡ್ಡದ ಯಾವ ಮಗ್ಗುಲು ಅಂತಲೂ ಗೊತ್ತಾಗುತ್ತದೆ. ಅಪರೂಪದ ಹೆಸರೇ ಹೆಚ್ಚು ಮಾತಾಡುತ್ತದೆ.

ಹಾಗಾದರೆ ಹೀಗೆ ಒಂದೊಂದೇ ಹೊಲದಿಂದ ಹುಟ್ಟಿದ ಹೆಸರುಗಳೆಲ್ಲ ಉಳಿದವೇ? ಇಲ್ಲ. 1348-49ರ ಮಹಾಮಾರಿ ಪ್ಲೇಗಿನಲ್ಲಿ ದೇಶದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಸತ್ತರು. ಎಷ್ಟೋ ಮನೆತನಗಳು ಅಲ್ಲೇ ಮುಗಿದವು. ಪ್ಲೇಗ್ ಬರದಿದ್ದರೂ ಹೆಸರು ಸಾಯುತ್ತದೆ, ಹೆಣ್ಣುಮಕ್ಕಳೇ ಹುಟ್ಟಿದರೆ ಸಾಕು. 1873ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಇದನ್ನೇ ಗಣಿತದ ಪ್ರಶ್ನೆಯಾಗಿ ಕೇಳಿದ. ಹೆನ್ರಿ ವಾಟ್ಸನ್ ಅನ್ನುವ ಪಾದ್ರಿ ಉತ್ತರ ಬರೆದ. ಅಪ್ಪ, ನಿಮಗೆ ಲೆಕ್ಕ ಇಷ್ಟ, ಆದ್ದರಿಂದ ಕೇಳಿ. ಸರಾಸರಿ ಮನೆಗೊಂದು ಗಂಡುಮಗು, ಆದರೆ ಯಾರಿಗೆ ಎಷ್ಟು ಅನ್ನುವುದು ಬರೀ ಅದೃಷ್ಟ ಅಂತ ಇಟ್ಟುಕೊಳ್ಳೋಣ. 100 ಅಡ್ಡಹೆಸರುಗಳು, ಒಂದೊಂದಕ್ಕೆ ಒಬ್ಬನೇ ಗಂಡಸು. ಅವುಗಳಲ್ಲಿ ಸುಮಾರು 37 ಹೆಸರು ಮೊದಲ ತಲೆಮಾರಿಗೇ ನಿಂತುಹೋಗುತ್ತವೆ. ಮೊಮ್ಮಕ್ಕಳ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಇರುವುದಿಲ್ಲ. ಎಲ್ಲ ಹೆಸರೂ ಒಂದಲ್ಲ ಒಂದು ದಿನ ಸಾಯಲೇಬೇಕು ಅಂತ ಪಾದ್ರಿ ಬರೆದುಬಿಟ್ಟ. ಅಲ್ಲಿ ಅವನು ತಪ್ಪಿದ. ಸರಾಸರಿ ಒಂದಕ್ಕಿಂತ ಹೆಚ್ಚಾದರೆ ಕೆಲವು ಹೆಸರು ಉಳಿದು ಬೆಳೆಯುತ್ತವೆ ಅಂತ ಆಮೇಲಿನವರು ತೋರಿಸಿದರು. ಅಂದರೆ ಮರ್ಗಟ್ರಾಯ್ಡ್ ಉಳಿದದ್ದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಶುರುವಿನ ಕೆಲವು ತಲೆಮಾರುಗಳಲ್ಲಿ ಅದೃಷ್ಟ ಕೈಹಿಡಿಯಿತು, ಅಷ್ಟೆ.

ಒಂದೇ ಹೆಸರಿನವರು ನಿಜಕ್ಕೂ ಒಂದೇ ರಕ್ತದವರಾ? ಇದನ್ನೂ ನೋಡಿದ್ದಾರೆ. ಹೆಸರಿನ ಹಾಗೆಯೇ ಅಪ್ಪನಿಂದ ಮಗನಿಗೆ ಮಾತ್ರ ಹೋಗುವುದು ವೈ ಕ್ರೋಮೋಸೋಮ್ ಅನ್ನುವ ಡಿಎನ್‌ಎ ತುಂಡು. ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರಿನ 1,678 ಗಂಡಸರನ್ನು ಪರೀಕ್ಷಿಸಿ 2009ರಲ್ಲಿ ಬರೆದರು. (ಕಾರ್ ಪಾರ್ಕಿಂಗ್ ಅಡಿಯಲ್ಲಿ ಸಿಕ್ಕ ರಾಜ ಮೂರನೇ ರಿಚರ್ಡ್‌ನ ಮೂಳೆಗಳ ಡಿಎನ್‌ಎ ನೋಡಿದ ಟ್ಯೂರಿ ಕಿಂಗ್ ಇವರೇ.) ಸ್ಮಿತ್‌ಗಳನ್ನು ನೋಡಿದರೆ ದಾರಿಯಲ್ಲಿ ಸಿಕ್ಕವರನ್ನು ಹಿಡಿದು ತಂದ ಹಾಗೆ, ಸಂಬಂಧವೇ ಇಲ್ಲ. ಹೆಸರು ಅಪರೂಪವಾದಷ್ಟೂ ಸಂಬಂಧ ಗಟ್ಟಿ. ಅಟೆನ್‌ಬರೋ ಅನ್ನುವವರಲ್ಲಂತೂ ಬಹುಪಾಲು ಗಂಡಸರು ಒಬ್ಬನೇ ಮೂಲಪುರುಷನಿಂದ ಬಂದವರು ಅಂತ ಕಂಡಿತು. ಗಾಂಧೀಜಿ ಮೇಲೆ ಸಿನಿಮಾ ಮಾಡಿದ ರಿಚರ್ಡ್, ನಮ್ಮ ಕರ್ನಾಟಕದ ಕಾಡಿನ ಚಿತ್ರಕ್ಕೆ ದನಿ ಕೊಟ್ಟ ಡೇವಿಡ್, ಇಬ್ಬರ ಅಡ್ಡಹೆಸರೂ ಅದೇ. ಅವರಿಬ್ಬರೂ ಬೆಳೆದದ್ದೂ ಲೆಸ್ಟರಿನಲ್ಲೇ.

ಇದೇ ತಂಡ 2007ರಲ್ಲಿ ಇನ್ನೊಂದು ವಿಚಿತ್ರ ಕಂಡಿತ್ತು. ಯಾರ್ಕ್‌ಷೈರಿನ ಒಂದು ತೀರ ಅಪರೂಪದ ಅಡ್ಡಹೆಸರಿನ ಬಿಳಿಯ ಮನುಷ್ಯನಲ್ಲಿ ಪಶ್ಚಿಮ ಆಫ್ರಿಕಾದ ವೈ ಕ್ರೋಮೋಸೋಮ್ ಸಿಕ್ಕಿತು. ಅದೇ ಹೆಸರಿನ 18 ಜನರನ್ನು ನೋಡಿದರೆ 7 ಜನರಲ್ಲಿ ಅದು ಇತ್ತು. ಮನೆತನದ ಕಾಗದಗಳು 1780ರ ದಶಕದ ಯಾರ್ಕ್‌ಷೈರಿಗೆ ಹೋಗಿ ನಿಂತವು. ಅದಕ್ಕೂ ಮೊದಲು ಎಂದೋ ಒಬ್ಬ ಆಫ್ರಿಕಾ ಮೂಲದವನು ಇಲ್ಲಿ ಬಂದು ಸಂಸಾರ ಹೂಡಿದ್ದಿರಬೇಕು. ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಅದರ ಸುಳಿವೇ ಇರಲಿಲ್ಲ. ಹೊರಗಿನಿಂದ ಬಂದವರ ಬಗ್ಗೆ ಇಲ್ಲಿ ಯಾರಾದರೂ ಗೊಣಗಿದಾಗ ನನಗೆ ಈ ಕಥೆ ನೆನಪಾಗುತ್ತದೆ. ಹೇಳುವುದಿಲ್ಲ, ಸುಮ್ನೆ ಚಹಾ ಕುಡಿಯುತ್ತೇನೆ.

ಅಮ್ಮನ ಕಡೆಯವರದು ಬೇರೆಯೇ ತಮಾಷೆ, ಅಲ್ವಾ? ಹಾಸನದ ಕಡೆ ಅಡ್ಡಹೆಸರೇ ಇಲ್ಲ. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ಹೆಸರು. ಆದರೆ ಪರದೇಶಕ್ಕೆ ಹೊರಡುವಾಗ ಸರ್‌ನೇಮ್ ಅನ್ನುವ ಖಾಲಿ ಜಾಗ ತುಂಬಲೇಬೇಕು. ಅಲ್ಲಿ ಇನಿಷಿಯಲ್ ಬಿಡಿಸಿ ಬರೆಯುತ್ತಾರೆ. ಇಲ್ಲಿ ನನಗೆ ಗೊತ್ತಿರುವ ಒಬ್ಬನನ್ನು ಆಫೀಸಿನಲ್ಲಿ ಎಲ್ಲರೂ ಅವನ ಅಪ್ಪನ ಹೆಸರು ಹಿಡಿದು ಕರೆಯುತ್ತಾರೆ. ಇನ್ನೊಬ್ಬನಿಗೆ ಅಡ್ಡಹೆಸರಾಗಿ ಊರೇ ಬಂದು ಕೂತಿದೆ. ಇಲ್ಲೇ ಹುಟ್ಟಿದ ಅವನ ಮಕ್ಕಳಿಗೂ ಅದೇ. ಯೋಚಿಸಿ ನೋಡಿ, 1371ರ ಗುಮಾಸ್ತ ಮಾಡಿದ್ದನ್ನೇ ಈಗ ಪಾಸ್‌ಪೋರ್ಟಿನ ಅರ್ಜಿ ಮಾಡುತ್ತಿದೆ. 2016ರಲ್ಲಿ ಆಕ್ಸ್‌ಫರ್ಡ್‌ನವರು ಬ್ರಿಟನ್ ಮತ್ತು ಐರ್ಲೆಂಡಿನ ಅಡ್ಡಹೆಸರುಗಳ ದೊಡ್ಡ ನಿಘಂಟು ತಂದರು, ಅದರಲ್ಲಿ 45,000ಕ್ಕೂ ಹೆಚ್ಚು ಹೆಸರುಗಳಿವೆ. ಆಗ ಇಲ್ಲಿ 100ಕ್ಕಿಂತ ಹೆಚ್ಚು ಜನರಿಗೆ ಇದ್ದ ಹೆಸರುಗಳನ್ನೆಲ್ಲ ಸೇರಿಸಿದ್ದಾರೆ, ಪಟೇಲ್ ಕೂಡ ಇದೆ. ಹಾಗಾಗಿ ಅರಕಲಗೂಡು, ಹೊಳೆನರಸೀಪುರ ಅನ್ನುವ ಇಂಗ್ಲಿಷ್ ಅಡ್ಡಹೆಸರುಗಳು ಮುಂದೆ ಬಂದರೆ ಆಶ್ಚರ್ಯವಿಲ್ಲ. ಗಂಡುಮಕ್ಕಳೂ ಅದೃಷ್ಟವೂ ಬೇಕು. ಈಗ ಹೆಣ್ಣುಮಕ್ಕಳೂ ತಮ್ಮ ಹೆಸರು ಉಳಿಸಿಕೊಳ್ಳುತ್ತಾರೆ, ಪಾದ್ರಿಯ ಲೆಕ್ಕ ಸ್ವಲ್ಪ ಬದಲಾಗಬಹುದು.

ಅಪ್ಪ, ಇನ್ನು ನಿಮಗೊಂದು ಕೆಲಸ. ನಮ್ಮ ಅಡ್ಡಹೆಸರೂ ಅಪರೂಪದ್ದೇ. ಅದು ಒಂದೇ ಮನೆಯಿಂದ ಹೊರಟದ್ದೋ ಬೇರೆ ಬೇರೆ ಊರುಗಳಲ್ಲಿ ಹುಟ್ಟಿದ್ದೋ ಅಂತ ನನಗೆ ಗೊತ್ತಾಗಬೇಕು. ಇಲ್ಲಿಯವರಿಗೆ ಚರ್ಚಿನ ಪುಸ್ತಕ ಇದೆ. ನಮಗೆ ಹೆಳವರು ಇದ್ದಾರೆ. ದೊಡ್ಡಪ್ಪನ ಮನೆಗೆ ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು, ಕಟ್ಟೆಯ ಮೇಲೆ ಕೂತು ಮನೆತನದ ಹೆಸರುಗಳನ್ನು ಒಂದೂ ತಪ್ಪದೆ ಹೇಳುತ್ತಿದ್ದರಲ್ಲ, ಅವರು. ಈ ಸಲ ಬಂದರೆ ಬೇಗ ಕಳಿಸಬೇಡಿ ಅಂತ ದೊಡ್ಡಪ್ಪನಿಗೆ ಹೇಳಿ. ಅವರ ಹತ್ತಿರ ಹಳೇ ಹೊತ್ತಿಗೆ ಇದ್ದರೆ ನಮ್ಮ ಮೂಲ ಊರು ಯಾವುದು ಅಂತ ಬರೆದದ್ದನ್ನು ಓದಿಸಿ. ಪುಟ್ಟಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ, ಆದರೆ ಮೊದಲು ಅವರನ್ನು ಕೇಳಿ. ಹೆಣ್ಣುಮಕ್ಕಳ ಹೆಸರು ಹೇಳುತ್ತಾರೋ ಇಲ್ಲವೋ ಅದನ್ನೂ ಕೇಳಲಿ. ಜೋಳ, ದುಡ್ಡು ಕೊಡುವಾಗ ದೊಡ್ಡಪ್ಪ ಕೈ ಹಿಡಿದರೆ ನನ್ನ ಲೆಕ್ಕಕ್ಕೆ ಬರೆದುಕೊಳ್ಳಲಿ, ನಾನು ಕಳಿಸುತ್ತೇನೆ.

ಇಂತಿ,
ನಿಮ್ಮ ಮಗ