ವಿಶ್ವವಿದ್ಯಾಲಯಕ್ಕೆ ಯಾವ ಕಂಪ್ಯೂಟರ್? ಬದಲಿಸಲಾಗದ್ದನ್ನು ಮೊದಲು ನೋಡಿ

ಮಾನ್ಯ ಸಂಪಾದಕರೇ,

ಪ್ರವೇಶದ ದಿನಗಳು ಬಂದವೆಂದರೆ ಲ್ಯಾಪ್‌ಟಾಪ್ ಜಾಹೀರಾತುಗಳ ಸುಗ್ಗಿ. ಅವುಗಳಲ್ಲಿ ದಪ್ಪಕ್ಷರದಲ್ಲಿ ಕಾಣಿಸುವುದು ಪ್ರೊಸೆಸರಿನ ಹೆಸರು, ರಿಯಾಯಿತಿ, ಜೊತೆಗೊಂದು ಬ್ಯಾಗು. ಎರಡನೇ ವರ್ಷಕ್ಕೇ ಯಂತ್ರ ಏದುಸಿರು ಬಿಡಲು ಕಾರಣವಾಗುವ ಸಂಗತಿಗಳು ಜಾಹೀರಾತಿನಲ್ಲಿರಲಿ, ಪೆಟ್ಟಿಗೆಯ ಮೇಲೂ ಇರುವುದಿಲ್ಲ. ಕಂಪ್ಯೂಟರ್ ಲ್ಯಾಬ್ ನಿರ್ವಹಣೆ ಮತ್ತು ರಿಪೇರಿಯ ಕೆಲಸದಲ್ಲಿರುವ ನಾವು, ಈಗ ಯಂತ್ರ ಆರಿಸುತ್ತಿರುವವರಿಗೆ ಕೆಲವು ವಿಷಯ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಲ್ಯಾಪ್‌ಟಾಪಿನ ಭಾಗಗಳನ್ನು ಮೂರು ಗುಂಪು ಮಾಡಿಕೊಳ್ಳಿ. ಒಂದು ಸ್ಕ್ರೂಡ್ರೈವರ್ ಇದ್ದರೆ ಬದಲಿಸಬಹುದಾದವು: ಎಸ್‌ಎಸ್‌ಡಿ (ಕಡತಗಳನ್ನು ಉಳಿಸಿಡುವ ಭಾಗ), ಬಹುಪಾಲು ಮಾದರಿಗಳಲ್ಲಿ ಬ್ಯಾಟರಿ. ದುಡ್ಡು ಸುರಿದರೆ ಬದಲಿಸಬಹುದಾದವು: ಪರದೆ, ಕೀಲಿಮಣೆ. ಏನು ಮಾಡಿದರೂ ಬದಲಿಸಲಾಗದವು: ಪ್ರೊಸೆಸರ್, ಗ್ರಾಫಿಕ್ಸ್ ಚಿಪ್, ಮದರ್‌ಬೋರ್ಡಿಗೆ (ಒಳಗಿನ ಮುಖ್ಯ ಹಲಗೆಗೆ) ಬೆಸೆದ ರ‍್ಯಾಮ್ (ತೆರೆದ ಕೆಲಸಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ). ಹಣ ಸಾಲದೆ ಬಂದಾಗ ಮೊದಲ ಗುಂಪಿನಲ್ಲಿ ಉಳಿಸಿ, ಮೂರನೆಯದರಲ್ಲಿ ಉಳಿಸಬೇಡಿ. ನಡೆಯುತ್ತಿರುವುದು ಇದರ ತಿರುಗಾಮುರುಗಾ. 8 ಜಿಬಿ ಬೆಸೆದ ರ‍್ಯಾಮ್ ಇರುವ ಯಂತ್ರಕ್ಕೆ 1 ಟಿಬಿ ಎಸ್‌ಎಸ್‌ಡಿ ಇದೆಯೆಂದು ಹಿಗ್ಗಿ ಕೊಳ್ಳುತ್ತಾರೆ.

ರ‍್ಯಾಮ್ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ವಿವರಪಟ್ಟಿಯಲ್ಲಿ ಎಲ್‌ಪಿಡಿಡಿಆರ್4ಎಕ್ಸ್ ಅಥವಾ ಎಲ್‌ಪಿಡಿಡಿಆರ್5 ಎಂದಿದ್ದರೆ ಅದು ಹೆಚ್ಚುಕಡಿಮೆ ಯಾವಾಗಲೂ ಬೆಸೆದದ್ದೇ. ಬರೀ ಡಿಡಿಆರ್4, ಡಿಡಿಆರ್5 ಎಂದಿದ್ದರೆ ಸ್ಲಾಟ್ ಇರಬಹುದು. ಅರ್ಧ ಬೆಸೆದು ಅರ್ಧ ಸ್ಲಾಟ್ ಇಟ್ಟ ಮಾದರಿಗಳೂ ಇವೆ. ಅಂಗಡಿಯಲ್ಲಿ ಚಾಲೂ ಇಟ್ಟ ವಿಂಡೋಸ್ ಯಂತ್ರವಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿ. ಫಾರ್ಮ್ ಫ್ಯಾಕ್ಟರ್ ಎದುರು ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸೆದದ್ದು, ‘ಸೋಡಿಮ್’ ಎಂದಿದ್ದರೆ ಬಿಚ್ಚಿ ಹಾಕುವಂಥದ್ದು. ಎಷ್ಟು ಸ್ಲಾಟ್ ತುಂಬಿವೆ ಎಂಬುದೂ ಅಲ್ಲೇ ಸಿಗುತ್ತದೆ. ಅರ್ಧ ನಿಮಿಷದ ಕೆಲಸ, ಮಾರಾಟಗಾರರ ವಿವರಣೆಗಿಂತ ನಂಬಿಕಸ್ಥ.

8 ಜಿಬಿ ಏಕೆ ಸಾಲದು? ವಿಂಡೋಸ್ 11 ತಾನು ಏಳುವಷ್ಟರಲ್ಲೇ ಮೂರ್ನಾಲ್ಕು ಜಿಬಿ ಹಿಡಿದುಕೊಳ್ಳುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ ಮೂಡಿಸುವ ಕೆಲಸಕ್ಕೂ ಇದೇ ರ‍್ಯಾಮಿನಿಂದ ಪಾಲು ಹೋಗುತ್ತದೆ. ಉಳಿದದ್ದರಲ್ಲಿ ಬ್ರೌಸರ್, ಆನ್‌ಲೈನ್ ತರಗತಿ, ಒಂದು ದೊಡ್ಡ ಪಿಡಿಎಫ್ ತೆರೆದರೆ ಜಾಗ ಮುಗಿಯಿತು. ಆಮೇಲೆ ಯಂತ್ರ ಎಸ್‌ಎಸ್‌ಡಿಯನ್ನೇ ರ‍್ಯಾಮ್‌ ಎಂಬಂತೆ ಬಳಸತೊಡಗುತ್ತದೆ. ಅದು ರ‍್ಯಾಮಿಗಿಂತ ಹಲವು ಪಟ್ಟು ನಿಧಾನ. ‘ಹ್ಯಾಂಗ್ ಆಗ್ತಿದೆ’ ಎಂದು ಬರುವ ದೂರುಗಳಲ್ಲಿ ಬಹಳಷ್ಟು ಇದೇ, ವೈರಸ್ಸೂ ಅಲ್ಲ, ಮಣ್ಣೂ ಅಲ್ಲ. 16 ಜಿಬಿ ಇರಲಿ. ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ನಡೆಸುವ ಇನ್ನೊಂದು ಕಂಪ್ಯೂಟರ್), ಸಿಮ್ಯುಲೇಷನ್, ವಿಡಿಯೊ ಸಂಕಲನ ಮಾಡುವವರಿಗೆ 32 ಜಿಬಿ. ಆ್ಯಪ್ ಕಟ್ಟುವ ಆಂಡ್ರಾಯ್ಡ್ ಸ್ಟುಡಿಯೊವನ್ನು ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನ್) ಸಮೇತ ನಡೆಸಲು 16 ಜಿಬಿ ಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ಹಣವೇ ಇಲ್ಲವೆಂದರೆ, 8 ಜಿಬಿಯ ಒಂದೇ ರ‍್ಯಾಮ್ ಪಟ್ಟಿ ಇದ್ದು ಇನ್ನೊಂದು ಸ್ಲಾಟ್ ಖಾಲಿ ಇರುವ ಮಾದರಿ ಕೊಂಡು, ಅದೇ ವೇಗದ ಇನ್ನೊಂದು ಪಟ್ಟಿಯನ್ನು ಮುಂದಿನ ವರ್ಷ ಹಾಕಿಸಿ. ಎರಡು ಪಟ್ಟಿ ಜೋಡಿಯಾಗಿ ದುಡಿಯುವುದರಿಂದ ಒಳಗಿನ ಗ್ರಾಫಿಕ್ಸಿಗೂ ಚುರುಕು ಬರುತ್ತದೆ.

ಎಸ್‌ಎಸ್‌ಡಿ 512 ಜಿಬಿ ಸಾಕು. ಎಂ.2 ಸ್ಲಾಟ್ (ಎಸ್‌ಎಸ್‌ಡಿ ಸಿಕ್ಕಿಸುವ ಜಾಗ) ಇದ್ದರೆ ಮುಂದೆ ದೊಡ್ಡದು ಹಾಕಬಹುದು. ಆದರೆ ಅಳತೆ ನೋಡಿ: 2280 ಎಂದರೆ 80 ಮಿಲಿಮೀಟರ್ ಉದ್ದ, 2230 ಎಂದರೆ 30 ಮಿಲಿಮೀಟರ್, ಒಂದರ ಜಾಗದಲ್ಲಿ ಇನ್ನೊಂದು ಸುಲಭವಾಗಿ ಕೂರುವುದಿಲ್ಲ. 64 ಅಥವಾ 128 ಜಿಬಿ ಇಎಂಎಂಸಿ (ಎಸ್‌ಎಸ್‌ಡಿ ಬದಲು ಹಾಕುವ ಅಗ್ಗದ ಸಂಗ್ರಹ ಚಿಪ್) ಎಂದಿರುವ ಯಂತ್ರದ ತಂಟೆಗೇ ಹೋಗಬೇಡಿ. ಅದೂ ಬೆಸೆದದ್ದು, ನಿಧಾನದ್ದು. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗ ಇಳಿಸಿಕೊಳ್ಳಲೂ ಜಾಗ ಸಾಲದೆ ಹೋಗಬಹುದು.

ಪ್ರೊಸೆಸರ್ ಹೆಸರುಗಳದು ‘ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಕಥೆ. ಎಎಂಡಿ ಕಂಪನಿಯ ರೈಜನ್ 5 7520ಯು ಮತ್ತು ರೈಜನ್ 5 7530ಯು ನೋಡಲು ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೊದಲನೆಯದು 2019ರಲ್ಲಿ ಬಂದ ಝೆನ್ 2 ವಿನ್ಯಾಸದ 4 ಕೋರಿನದು (ಕೋರ್ ಎಂದರೆ ಲೆಕ್ಕ ಮಾಡುವ ಒಳಘಟಕ). ಎರಡನೆಯದು ಝೆನ್ 3, 6 ಕೋರ್. 7000 ಸರಣಿಯಲ್ಲಿ ಗುಟ್ಟು ಇರುವುದು ಮೂರನೇ ಅಂಕಿಯಲ್ಲಿ: 2 ಎಂದರೆ ಝೆನ್ 2, 3 ಎಂದರೆ ಝೆನ್ 3, 4 ಎಂದರೆ ಝೆನ್ 4. ಇಂಟೆಲ್‌ನಲ್ಲಿ ಕೊನೆಯ ಅಕ್ಷರ ನೋಡಿ. ಯು ಎಂದರೆ ಕಡಿಮೆ ವಿದ್ಯುತ್ತು, ಎಚ್ ಎಂದರೆ ಹೆಚ್ಚು ಶಕ್ತಿ, ಜೊತೆಗೆ ಹೆಚ್ಚು ಬಿಸಿ. ಗಂಟೆಗಟ್ಟಲೆ ಲೆಕ್ಕ ಹಾಕುವ ಕೆಲಸದಲ್ಲಿ ಯು ಇರುವ ಐ7 ಯಂತ್ರವನ್ನು ಎಚ್ ಇರುವ ಐ5 ಹಿಂದಿಕ್ಕುವುದುಂಟು.

ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕೋರ್ಸಿನಲ್ಲಿ ಬಳಸುವ ತಂತ್ರಾಂಶ ಯಾವುದರಲ್ಲಿ ನಡೆಯುತ್ತದೆ? ಯಂತ್ರಭಾಗ ವಿನ್ಯಾಸದ ಸಾಲಿಡ್‌ವರ್ಕ್ಸ್ ವಿಂಡೋಸಿಗೆ ಮಾತ್ರ. 2020ರಿಂದ ಬಂದ ಎಂ ಸರಣಿಯ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲದ್ದರಿಂದ ವಿಂಡೋಸನ್ನು ನೇರವಾಗಿ ಹಾಕಿಕೊಳ್ಳುವ ದಾರಿಯೂ ಮುಚ್ಚಿದೆ. ಐಫೋನ್ ಆ್ಯಪ್ ಕಟ್ಟುವವರಿಗೆ ಬೇಕಾದ ಎಕ್ಸ್‌ಕೋಡ್ ಇರುವುದು ಮ್ಯಾಕ್‌ನಲ್ಲಿ ಮಾತ್ರ. ಮೆಷಿನ್ ಲರ್ನಿಂಗ್ ಪಾಠಗಳಲ್ಲಿ ಬರುವ ಕುಡಾ ಎಂಬ ತಂತ್ರಾಂಶ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಕೇಳುತ್ತದೆ. ವಾಣಿಜ್ಯದವರಿಗೂ ಒಂದು ಕೊಕ್ಕೆ ಇದೆ: ಮ್ಯಾಕ್‌ನ ಎಕ್ಸೆಲ್‌ನಲ್ಲಿ ಪವರ್ ಪಿವಟ್ (ದೊಡ್ಡ ದತ್ತಾಂಶ ವಿಶ್ಲೇಷಿಸುವ ಸಾಧನ) ಇಲ್ಲ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಯಂತ್ರಗಳ ಬ್ಯಾಟರಿ ಬಾಳಿಕೆ ಚೆನ್ನ, ಸಾಮಾನ್ಯ ತಂತ್ರಾಂಶಗಳೂ ನಡೆಯುತ್ತವೆ. ಆದರೆ ಡ್ರೈವರ್‌ಗಳು (ಉಪಕರಣಗಳನ್ನು ನಡೆಸುವ ತಂತ್ರಾಂಶ) ಈ ಚಿಪ್ಪಿನ ಆರ್ಮ್ ವಿನ್ಯಾಸಕ್ಕೆಂದೇ ಬರೆದವಾಗಿರಬೇಕು. ಪ್ರಯೋಗಾಲಯದ ಉಪಕರಣ, ಹಳೇ ಪ್ರಿಂಟರ್, ಪರೀಕ್ಷೆಯ ಹೊತ್ತಿಗೆ ಪರದೆಗೆ ಬೀಗ ಹಾಕುವ ತಂತ್ರಾಂಶ, ಇವು ಕೈಕೊಡುವುದು ಅಲ್ಲೇ. ಸಾಹಿತ್ಯ, ಇತಿಹಾಸ, ಕಾನೂನು ಓದುವವರಿಗೆ ಈ ಯಾವ ತಲೆನೋವೂ ಇಲ್ಲ. ಒಳ್ಳೆಯ ಕೀಲಿಮಣೆ, ಕಣ್ಣಿಗೆ ಹಿತವಾದ ಪರದೆ ನೋಡಿಕೊಂಡರೆ ಆಯಿತು.

ಮನೆಯಲ್ಲಿ ಈಗಾಗಲೇ ಒಳ್ಳೆಯ ಡೆಸ್ಕ್‌ಟಾಪ್ ಇರುವವರ ಇಕ್ಕಟ್ಟು ಬೇರೆ. ಅದನ್ನೂ ಹೊತ್ತೊಯ್ಯಬೇಕೆ? ಬೇಡವೆಂಬುದೇ ನಮ್ಮ ಅಭಿಪ್ರಾಯ. ಹಾಸ್ಟೆಲ್ ಮೇಜು ಚಿಕ್ಕದು, ರಾತ್ರಿ ಫ್ಯಾನಿನ ಸದ್ದಿಗೆ ಜೊತೆಗಾರರ ನಿದ್ದೆ ಕೆಡುತ್ತದೆ, ರಜೆಗೊಮ್ಮೆ ಸಾಗಣೆ. ಒಂದೂವರೆ ಕೆಜಿಯೊಳಗಿನ ಲ್ಯಾಪ್‌ಟಾಪ್ ಒಯ್ದು, ಡೆಸ್ಕ್‌ಟಾಪನ್ನು ಮನೆಯಲ್ಲೇ ಬಿಟ್ಟು ದೂರದಿಂದ ಬಳಸಿ. ವಿಂಡೋಸ್ ಹೋಮ್ ಆವೃತ್ತಿಯ ಯಂತ್ರವನ್ನು ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹೊರಗಿನಿಂದ ತೆರೆಯಲಾಗದು, ಅದಕ್ಕೆ ಪ್ರೊ ಬೇಕು. ಹೋಮ್ ಇದ್ದವರಿಗೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಇದೆ. ಹೊರಡುವ ಮುನ್ನ ಸ್ಲೀಪ್ ಆಫ್ ಮಾಡಿ. ಬಯಾಸ್‌ನಲ್ಲಿ (ವಿಂಡೋಸಿಗೂ ಮುಂಚೆ ತೆರೆಯುವ ಮೂಲ ಸೆಟ್ಟಿಂಗ್‌ಗಳಲ್ಲಿ), ವಿದ್ಯುತ್ ಹೋಗಿ ಬಂದಾಗ ತಾನೇ ಚಾಲೂ ಆಗುವ ಆಯ್ಕೆಯನ್ನೂ ಹಾಕಿಡಿ. ಇದನ್ನು ಮರೆತರೆ ಮೊದಲ ಕರೆಂಟ್ ಹೋದ ದಿನವೇ ಸಂಪರ್ಕ ಕಡಿದು, ಮನೆಯವರು ಗುಂಡಿ ಒತ್ತುವವರೆಗೆ ಕಾಯಬೇಕು.

ಒಯ್ಯಲೇಬೇಕು ಎನ್ನುವವರು ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಆ್ಯಂಟಿಸ್ಟ್ಯಾಟಿಕ್ ಚೀಲದಲ್ಲಿ ಪ್ರತ್ಯೇಕ ಕಟ್ಟಿ. ಒಂದು ಕೆಜಿ ದಾಟುವ ಕಾರ್ಡ್ ರಸ್ತೆಯ ಕುಲುಕಾಟಕ್ಕೆ ಸ್ಲಾಟನ್ನೇ ಕಿತ್ತುಕೊಂಡು ಬರಬಲ್ಲದು. ಗೋಪುರದಂಥ ದೊಡ್ಡ ಕೂಲರ್ ಇದ್ದರೆ ಅದನ್ನೂ ಬಿಚ್ಚಿ. ಮತ್ತೆ ಕೂರಿಸುವಾಗ ಹೊಸ ಥರ್ಮಲ್ ಪೇಸ್ಟ್ ಬೇಕು. ಪೆಟ್ಟಿಗೆಯನ್ನು ಮದರ್‌ಬೋರ್ಡ್ ನೆಲಕ್ಕೆ ಸಮಾನಾಂತರವಾಗಿರುವಂತೆ ಮಲಗಿಸಿ ಸಾಗಿಸಿ. ತಲುಪಿದ ಮೇಲೆ ಚಾಲೂ ಆಗದಿದ್ದರೆ ಗಾಬರಿ ಬೇಡ, ರ‍್ಯಾಮ್ ಪಟ್ಟಿಗಳನ್ನು ತೆಗೆದು ಮತ್ತೆ ಒತ್ತಿ ಕೂರಿಸಿ ನೋಡಿ. ಮದರ್‌ಬೋರ್ಡಿನಲ್ಲಿ ವೈ-ಫೈ ಇದೆಯೇ ಎಂಬುದನ್ನು ಮನೆಯಲ್ಲೇ ಖಚಿತಪಡಿಸಿಕೊಳ್ಳಿ. ಕ್ಯಾಂಪಸ್ ಜಾಲಗಳು ಸಾಮಾನ್ಯವಾಗಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡನ್ನೂ ಕೇಳುವ ಎಂಟರ್‌ಪ್ರೈಸ್ ಮಾದರಿಯವು. ಕಂಪ್ಯೂಟರಿಗೆ ತೊಂದರೆ ಇಲ್ಲ, ಆದರೆ ಸ್ಮಾರ್ಟ್ ಸ್ಪೀಕರ್, ಗೇಮ್ ಕನ್ಸೋಲ್, ಅಗ್ಗದ ವೈ-ಫೈ ಪ್ರಿಂಟರ್‌ಗಳಲ್ಲಿ ಬಹಳಷ್ಟು ಅಲ್ಲಿ ಸೇರಿಕೊಳ್ಳುವುದಿಲ್ಲ.

ಗೇಮಿಂಗ್ ಲ್ಯಾಪ್‌ಟಾಪ್ ಎಂಬ ನಡುದಾರಿ ಆಕರ್ಷಕ. ಎರಡೂವರೆ ಕೆಜಿ ಯಂತ್ರ, ಜೊತೆಗೆ ಇಟ್ಟಿಗೆಯಂಥ ಅಡಾಪ್ಟರ್. ಪೂರ್ತಿ ಶಕ್ತಿ ಬರುವುದು ಗೋಡೆಗೆ ಸಿಕ್ಕಿಸಿದಾಗ ಮಾತ್ರ, ತರಗತಿಯಲ್ಲಿ ಪ್ಲಗ್ ಸಿಗುವುದು ಹಿಂದಿನ ಬೆಂಚಿನವರಿಗೆ. ಮೂರು ಆಯಾಮದ ವಿನ್ಯಾಸ, ರೆಂಡರಿಂಗ್ ದಿನವೂ ಮಾಡುವವರು ಕೊಳ್ಳಲಿ. ವಾರಕ್ಕೊಮ್ಮೆ ಬೇಕಾದವರಿಗೆ ವಿಭಾಗದ ಲ್ಯಾಬ್ ಸಾಕು.

ಬ್ಯಾಟರಿ ‘18 ಗಂಟೆ’ ಎಂಬ ಮಾತು ಬಿಟ್ಟು ವಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ನೋಡಿ. ಓದುಬರಹದ ಹಗುರ ಕೆಲಸದಲ್ಲಿ ಯಂತ್ರ 7 ವಾಟ್ ಎಳೆದರೆ 50 ವಾಟ್-ಅವರ್ ಬ್ಯಾಟರಿ ಸುಮಾರು ಏಳು ಗಂಟೆ ಬರುತ್ತದೆ. ಸದಾ ಚಾರ್ಜರಿನಲ್ಲಿಡುವವರು ಶೇ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಹಾಕಿಕೊಳ್ಳಿ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಅದರ ಕೆಳಗಿನ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಚಾರ್ಜ್ ಮಾಡುವುದನ್ನು ಆ ಕ್ಷಣವೇ ನಿಲ್ಲಿಸಿ. ಯುಎಸ್‌ಬಿ-ಸಿ ಚಾರ್ಜರ್ ವಿಷಯದಲ್ಲಿ ಜನ ಎಡವುವುದು ಕೇಬಲ್‌ನಲ್ಲಿ. ಒಳಗೆ ಗುರುತಿನ ಚಿಪ್ ಇಲ್ಲದ ಕೇಬಲ್ 3 ಆ್ಯಂಪಿಯರ್ ಮಾತ್ರ ಹರಿಯಗೊಡುತ್ತದೆ, 20 ವೋಲ್ಟಿಗೆ ಅದು 60 ವಾಟ್. 100 ವಾಟ್ ಚಾರ್ಜರ್ ತಂದರೂ ಯಂತ್ರ ‘ನಿಧಾನ ಚಾರ್ಜಿಂಗ್’ ಎನ್ನುವುದು ಇದರಿಂದ.

ಅಕ್ಕನದೋ ಅಣ್ಣನದೋ ಹಳೆಯ ಯಂತ್ರ ಒಯ್ಯುವವರು ಒಂದು ದಿನಾಂಕ ನೆನಪಿಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರಿನದೋ ನಂತರದ್ದೋ ಆಗಿರಬೇಕು. ಅದಕ್ಕಿಂತ ಹಳೆಯದರಲ್ಲಿ ಲಿನಕ್ಸ್ ಚೆನ್ನಾಗಿಯೇ ನಡೆಯುತ್ತದೆ, ಆದರೆ ಮೇಲೆ ಹೇಳಿದ ಪರೀಕ್ಷಾ ತಂತ್ರಾಂಶಗಳ ತೊಡಕು ಉಳಿಯುತ್ತದೆ.

ಹೊಸತು ಕೊಂಡವರಿಗೂ ಒಂದು ಎಚ್ಚರಿಕೆ. ವಿಂಡೋಸ್ 11ರ ಬಹಳಷ್ಟು ಯಂತ್ರಗಳು ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಕೂಡಲೇ ಡಿಸ್ಕನ್ನು ತಾವೇ ಗೂಢಲಿಪಿಗೆ ಹಾಕಿಕೊಳ್ಳುತ್ತವೆ. ಮದರ್‌ಬೋರ್ಡ್ ಬದಲಾದರೆ, ಕೆಲವೊಮ್ಮೆ ಬಯಾಸ್ ಅಪ್‌ಡೇಟ್ ಆದರೂ, 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಸಿಗದಿದ್ದರೆ ಪ್ರಾಜೆಕ್ಟ್ ವರದಿಯನ್ನು ಯಾವ ರಿಪೇರಿಯವರೂ ಹೊರತೆಗೆಯಲಾರರು. ಆ ಕೀಯನ್ನು ಖಾತೆಯ ಪುಟದಿಂದ ತೆಗೆದು ಕಾಗದದಲ್ಲಿ ಬರೆದು ಮನೆಯಲ್ಲಿಡಿ. ಹೊರಗಿನ ಡಿಸ್ಕಿಗೆ ವಾರಕ್ಕೊಮ್ಮೆ ನಕಲು ಮಾಡಿಕೊಳ್ಳಿ.

ವಿಶ್ವವಿದ್ಯಾಲಯಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಪ್ರವೇಶಪತ್ರದ ಜೊತೆಗೇ, ಯಾವ ಸೆಮಿಸ್ಟರ್‌ನಲ್ಲಿ ಯಾವ ತಂತ್ರಾಂಶ, ಯಾವ ಆಪರೇಟಿಂಗ್ ಸಿಸ್ಟಮ್, ಕನಿಷ್ಠ ಎಷ್ಟು ರ‍್ಯಾಮ್, ಲ್ಯಾಬ್ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಒಂದು ಪುಟ ಅಚ್ಚು ಹಾಕಿ ಕೊಡಲಿ. ‘ಒಳ್ಳೆಯ ಲ್ಯಾಪ್‌ಟಾಪ್ ತನ್ನಿ’ ಎಂಬ ಒಂದು ಸಾಲಿನ ಸೂಚನೆಯಿಂದ ಯಾರಿಗೂ ಉಪಯೋಗವಿಲ್ಲ. ತಯಾರಕರು ‘ರ‍್ಯಾಮ್ ಬೆಸೆಯಲಾಗಿದೆ’ ಎಂಬ ಎರಡು ಪದಗಳನ್ನು ಪೆಟ್ಟಿಗೆಯ ಮೇಲೆ ಮುದ್ರಿಸಲಿ. ಅಲ್ಲಿಯವರೆಗೆ, ಕೊಳ್ಳುವ ಮುನ್ನ ವಿಭಾಗದ ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಫೋನ್ ಮಾಡಿ ಕೇಳುವುದೇ ದಾರಿ. ಸಾಧ್ಯವಾದರೆ ಮೊದಲ ಎರಡು ವಾರ ಲ್ಯಾಬಿನ ಯಂತ್ರದಲ್ಲೇ ಕೆಲಸ ಮಾಡಿ, ಪಾಠದ ಸ್ವರೂಪ ತಿಳಿದ ಮೇಲೆ ಕೊಳ್ಳಿ.

ಇತಿ,
ಕಂಪ್ಯೂಟರ್ ಲ್ಯಾಬ್ ನಿರ್ವಹಣೆಯಲ್ಲಿರುವ ಓದುಗರು