ಮಾತ್ರೆಗೆ ಮೊದಲು ಕಾರಣವನ್ನು ಹುಡುಕು

ಚಿರಂಜೀವಿ ಸುಧಾಕರನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನೀನು ಕಳುಹಿಸಿದ ರಕ್ತಪರೀಕ್ಷೆಯ ವರದಿಯನ್ನು ಓದಿದೆ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 9.6 ಗ್ರಾಂ ಇದೆ. ವಯಸ್ಕ ಗಂಡಸರಲ್ಲಿ ಅದು 13ಕ್ಕಿಂತ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ ಎಂದು ಪರಿಗಣಿಸುತ್ತಾರೆ. ಅಂಕಿ ನೋಡಿ ನನಗೆ ಗಾಬರಿಯಾಗಲಿಲ್ಲ. ಆದರೆ ಕಬ್ಬಿಣದ ಮಾತ್ರೆ ನುಂಗಿದರೆ ಸಾಕು, ಬೇರೆ ಪರೀಕ್ಷೆಗಳೇಕೆ ಎಂದು ನೀನು ಬರೆದಿರುವುದು ಮನಸ್ಸಿಗೆ ಹಿಡಿಸಲಿಲ್ಲ. ಜ್ವರ ಹೇಗೋ ರಕ್ತಹೀನತೆಯೂ ಹಾಗೆಯೇ ಒಂದು ಲಕ್ಷಣ. ಅದರ ಹಿಂದೆ ಏನಿದೆ ಎಂಬುದು ತಿಳಿಯುವವರೆಗೆ ರೋಗ ಪತ್ತೆಯಾಯಿತು ಎನ್ನಲಾಗದು.

ಅಸ್ಥಿಮಜ್ಜೆಯಲ್ಲಿ ಹುಟ್ಟುವ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅವುಗಳ ಸಂಖ್ಯೆ ಇಳಿದಿದೆಯೆಂದರೆ ಹೊಸ ಕಣಗಳು ಸಾಕಷ್ಟು ಹುಟ್ಟುತ್ತಿಲ್ಲ, ಹುಟ್ಟಿದವು ಅಕಾಲದಲ್ಲಿ ಒಡೆಯುತ್ತಿವೆ, ಇಲ್ಲವೇ ರಕ್ತ ಎಲ್ಲೋ ಸೋರಿಹೋಗುತ್ತಿದೆ. ರೆಟಿಕ್ಯುಲೋಸೈಟ್ ಎಂಬ ಎಳೆಯ ಕಣಗಳನ್ನು ಎಣಿಸಿದರೆ ಮಜ್ಜೆ ದುಡಿಯುತ್ತಿದೆಯೋ ಸೋತಿದೆಯೋ ಎಂಬುದು ಗೊತ್ತಾಗುತ್ತದೆ. ಎರಡನೆಯ ಸುಳಿವು ನಿನ್ನ ವರದಿಯಲ್ಲಿಯೇ ಇದೆ: ಎಂ.ಸಿ.ವಿ., ಅಂದರೆ ಕಣದ ಸರಾಸರಿ ಗಾತ್ರ. ಅದು 80ರಿಂದ 100ರ ನಡುವೆ ಇರಬೇಕಾದಲ್ಲಿ ನಿನಗೆ 72 ಇದೆ. ಗಾತ್ರ 100ನ್ನು ಮೀರಿದ್ದರೆ ವಿಟಮಿನ್ ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆ, ಯಕೃತ್ತಿನ ತೊಂದರೆ, ಮದ್ಯಪಾನ ಇವುಗಳ ಕಡೆಗೆ ಗಮನ ಹರಿಸಬೇಕಾಗುತ್ತಿತ್ತು. ಬಿ12 ಕೊರತೆಯಿರುವವರಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಆದರೆ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಕಾರಣ ತಿಳಿಯದೆ ಔಷಧ ಕೊಡಬಾರದು ಎಂದು ನಾನು ಹಟ ಹಿಡಿಯುವುದು ಇಂಥದ್ದಕ್ಕಾಗಿಯೇ.

ಕಣಗಳು ಸಣ್ಣದಾಗಿದ್ದಾಗ ಕಬ್ಬಿಣದ ಕೊರತೆಯೇ ಮೊದಲ ಅನುಮಾನ. ಆದರೆ ವಂಶವಾಹಿಯಾಗಿ ಬರುವ ಥಲಸೇಮಿಯಾ ಎಂಬ ರಕ್ತದೋಷದ ವಾಹಕರಲ್ಲಿಯೂ, ಬಹುಕಾಲದ ಉರಿಯೂತವಿರುವ ಕೆಲವರಲ್ಲಿಯೂ ಕಣ ಸಣ್ಣದಾಗಿರಬಹುದು. ಥಲಸೇಮಿಯಾ ವಾಹಕರಲ್ಲಿ ಕಣಗಳ ಸಂಖ್ಯೆ ಸಾಮಾನ್ಯವಾಗಿ ಇಳಿಯುವುದಿಲ್ಲ, ಕೆಲವೊಮ್ಮೆ ಹೆಚ್ಚೇ ಇರುತ್ತದೆ. ನಿನ್ನದು ಇಳಿದಿರುವುದರಿಂದ ಕಬ್ಬಿಣದ ಕೊರತೆಯ ಸಂಭವವೇ ಹೆಚ್ಚು ಎಂದು ನನಗೆ ತೋರುತ್ತದೆ. ತೋರುವುದು ಬೇರೆ, ಖಚಿತವಾಗುವುದು ಬೇರೆ. ಮಾತ್ರೆ ಶುರುಮಾಡುವ ಮೊದಲೇ ಫೆರಿಟಿನ್ ಪರೀಕ್ಷೆ ಮಾಡಿಸು. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂಬುದನ್ನು ಅದು ತಿಳಿಸುತ್ತದೆ. ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯ ಬಗ್ಗೆ ಸಂಶಯ ಉಳಿಯುವುದಿಲ್ಲ. ಸೋಂಕು ಅಥವಾ ಉರಿಯೂತವಿದ್ದಾಗ ಫೆರಿಟಿನ್ ತಾನಾಗಿಯೇ ಏರುವುದರಿಂದ ಅಂಥ ಸಮಯದಲ್ಲಿ ಬಂದ ಸಾಮಾನ್ಯ ಅಂಕಿಯನ್ನು ಪೂರ್ತಿ ನಂಬಬೇಡ, ಉರಿಯೂತವನ್ನು ತೋರಿಸುವ ಸಿ.ಆರ್.ಪಿ. ಪರೀಕ್ಷೆಯನ್ನೂ ಜೊತೆಗೆ ನೋಡುವುದು ಒಳ್ಳೆಯದು.

ಕೊರತೆ ಖಚಿತವಾದ ಮೇಲೂ ಮುಖ್ಯವಾದ ಪ್ರಶ್ನೆ ಉಳಿದೇ ಇರುತ್ತದೆ, ಈ ಪತ್ರ ಬರೆಯಲು ಕುಳಿತದ್ದೂ ಅದಕ್ಕಾಗಿಯೇ. ತಿಂಗಳ ಮುಟ್ಟು, ಹೆರಿಗೆ ಇವು ಹೆಂಗಸರಲ್ಲಿ ಕಬ್ಬಿಣ ಕಡಿಮೆಯಾಗಲು ಸಾಮಾನ್ಯ ಕಾರಣಗಳು. ನಲವತ್ತು ದಾಟಿದ ಗಂಡಸಿನ ಮೈಯಿಂದ ಕಬ್ಬಿಣ ಎಲ್ಲಿಗೆ ಹೋಯಿತು? ಜಠರದ ಅಥವಾ ಕರುಳಿನ ಹುಣ್ಣಿನಿಂದ, ನೋವಿನ ಮಾತ್ರೆಗಳಿಂದ, ದೊಡ್ಡ ಕರುಳಿನ ಗಂಟಿನಿಂದ ದಿನವೂ ಸ್ವಲ್ಪಸ್ವಲ್ಪ ರಕ್ತ ಹೋಗುತ್ತಿದ್ದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ವೈದ್ಯರು ಕೊಳವೆ ಇಳಿಸಿ ಜಠರವನ್ನೂ ದೊಡ್ಡ ಕರುಳನ್ನೂ ಒಳಗಿನಿಂದ ನೋಡುವ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಮಾಡಿಸಬೇಕು ಎಂದರೆ ಸಂಕೋಚದಿಂದ ಮುಂದೂಡಬೇಡ. ಮೂಲವ್ಯಾಧಿ ಇದೆ, ಅದರಿಂದಲೇ ಇರಬೇಕು ಎಂದು ಸಮಾಧಾನ ಮಾಡಿಕೊಳ್ಳಬೇಡ. ಮಲಪರೀಕ್ಷೆಯಲ್ಲಿ ಒಮ್ಮೆ ರಕ್ತ ಕಾಣಲಿಲ್ಲವೆಂದು ಸೋರಿಕೆಯೇ ಇಲ್ಲವೆನ್ನುವಂತಿಲ್ಲ. ಸೊಂಟನೋವಿಗೆ ನೀನು ನುಂಗುತ್ತಿರುವ ಮಾತ್ರೆಗಳ ಹೆಸರನ್ನು ವೈದ್ಯರಿಗೆ ತಪ್ಪದೆ ತಿಳಿಸು. ರಕ್ತಸ್ರಾವವಿಲ್ಲದೆ, ಕರುಳು ಕಬ್ಬಿಣವನ್ನು ಹೀರಿಕೊಳ್ಳದಿರುವ ಸೀಲಿಯಾಕ್‌ನಂಥ ಕಾಯಿಲೆಯಿಂದಲೂ ಹೀಗಾಗಬಹುದು. ಅದನ್ನೂ ಅವರು ನೋಡುತ್ತಾರೆ.

ಇನ್ನು ಚಿಕಿತ್ಸೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ, ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ, ಆಮ್ಲೀಯತೆಯ ಔಷಧ ಇವುಗಳಿಂದ ಒಂದೆರಡು ಗಂಟೆಯ ಅಂತರವಿರಲಿ. ಬೇಗ ಗುಣವಾಗಲೆಂದು ದಿನಕ್ಕೆ ಮೂರು ಬಾರಿ ನುಂಗಬೇಡ: ಒಂದು ಮಾತ್ರೆ ಒಳಹೋದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ, ಸುಮಾರು ಒಂದು ದಿನದವರೆಗೆ ಕರುಳು ಕಬ್ಬಿಣವನ್ನು ಹೀರುವುದನ್ನು ತಗ್ಗಿಸುತ್ತದೆ. ಹಾಗಾಗಿ ದಿನಕ್ಕೊಂದು, ಕೆಲವರಿಗೆ ದಿನ ಬಿಟ್ಟು ದಿನ ಕೊಡುವ ಪದ್ಧತಿ ಈಗ ಬಂದಿದೆ. ಮಲ ಕಪ್ಪಾಗುವುದು ಮಾತ್ರೆಯ ಸಹಜ ಪರಿಣಾಮ. ಆದರೆ ಡಾಂಬರಿನಂತೆ ಅಂಟಂಟಾಗಿ, ದುರ್ವಾಸನೆಯಿಂದ ಕೂಡಿದ್ದರೆ, ಕುಳಿತಲ್ಲೇ ಉಸಿರುಗಟ್ಟಿದರೆ, ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಮಾತ್ರೆಯ ಡಬ್ಬಿ ಮಕ್ಕಳ ಕೈಗೆ ಎಟುಕದಿರಲಿ; ಚಿಕ್ಕ ಮಕ್ಕಳು ಹಲವು ಮಾತ್ರೆ ನುಂಗಿದರೆ ಪ್ರಾಣಕ್ಕೇ ಅಪಾಯ.

ನಾಲ್ಕು ವಾರದೊಳಗೆ ಹಿಮೋಗ್ಲೋಬಿನ್ ಕನಿಷ್ಠ ಒಂದು ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆ ಮೈಗೆ ಹತ್ತುತ್ತಿಲ್ಲ, ಸೋರಿಕೆ ನಿಂತಿಲ್ಲ, ಇಲ್ಲವೇ ನಾವು ಊಹಿಸಿದ ಕಾರಣವೇ ಸರಿಯಲ್ಲ. ಆಗ ರಕ್ತನಾಳದ ಮೂಲಕ ಕಬ್ಬಿಣ ಕೊಡುವುದನ್ನೂ ವೈದ್ಯರು ಯೋಚಿಸಬಹುದು. ರಕ್ತ ಕೊಡಿಸುವ ಮಾತು ನಿನ್ನ ಸ್ಥಿತಿಯಲ್ಲಿ ಬರುವುದಿಲ್ಲ. ಸ್ಥಿರವಾಗಿರುವ ರೋಗಿಗೆ ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಸಾಮಾನ್ಯವಾಗಿ ಆ ಯೋಚನೆ ಮಾಡುತ್ತಾರೆ. ಅಂಕಿ ಸರಿಹೋದ ಕೂಡಲೇ ಮಾತ್ರೆ ನಿಲ್ಲಿಸಬೇಡ. ಖಾಲಿಯಾದ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳಾದರೂ ಬೇಕು.

ವೈದ್ಯರನ್ನು ಕಾಣಲು ಹೋಗುವಾಗ ಹಿಂದಿನ ವರ್ಷಗಳ ರಕ್ತಪರೀಕ್ಷೆಯ ವರದಿಗಳನ್ನು ಹುಡುಕಿ ಜೊತೆಗೆ ಒಯ್ಯಿ. ಎಂ.ಸಿ.ವಿ. ಮೊದಲಿನಿಂದಲೂ ಕಡಿಮೆಯಿತ್ತೋ, ಈಚೆಗೆ ಇಳಿದಿದೆಯೋ ಎಂಬುದು ಅವುಗಳಿಂದ ತಿಳಿಯುತ್ತದೆ. ಫೆರಿಟಿನ್ ವರದಿ ಬಂದ ದಿನವೇ ನನಗೂ ಕಳುಹಿಸು.

ಇಂತಿ ನಿನ್ನ ಕ್ಷೇಮವನ್ನು ಬಯಸುವ
ದೊಡ್ಡಮ್ಮ